ಮಾರಾಟಕ್ಕಿದ್ದ ಬೀದಿ

ಮನೆ ಮಾರುವವರು ಇರುವ ತನಕ ನಗುವುದಕ್ಕೆ ಕಾರಣ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬಂದು ಬಾಗಿಲು ತಟ್ಟುತ್ತದೆ. ನಮ್ಮ ಬಾಗಿಲನ್ನಂತೂ ಸಾವಿರದ ಒಂಬೈನೂರ ಅರವತ್ತರ ಸುಮಾರಿನ ಒಂದೆರಡು ವರ್ಷ ದಿನ ಬಿಟ್ಟು ದಿನ ತಟ್ಟುತ್ತಿತ್ತು.

ನಾವಾಗ ಅರಸೀಕೆರೆಯಲ್ಲಿದ್ದೆವು, ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಬೀದಿಯ ಮಿಕ್ಕ ಮನೆಗಳೆಲ್ಲ ಹೆಚ್ಚುಕಮ್ಮಿ ರೈಲ್ವೆಯಲ್ಲಿ ಕೆಲಸ ಮಾಡುವವರವು. ಇನ್ನು ಇದೇ ನಮ್ಮೂರು ಅಂದುಕೊಂಡು ಹೊಟ್ಟೆಬಟ್ಟೆ ಕಟ್ಟಿ ಉಳಿಸಿ ಸ್ವಂತ ಮನೆ ಕಟ್ಟಿಸಿಕೊಂಡಿದ್ದರು. ಸುಣ್ಣ ಇನ್ನೂ ಮಾಸಿರಲಿಲ್ಲ, ಒಬ್ಬೊಬ್ಬರಿಗೇ ವರ್ಗ ಬರತೊಡಗಿತು. ಒಬ್ಬರು ಹುಬ್ಬಳ್ಳಿಗೆ, ಒಬ್ಬರು ಮೈಸೂರಿಗೆ, ಇನ್ನೊಬ್ಬರು ಬೀರೂರಿಗೆ. ಅದೇ ಹೊತ್ತಿಗೆ ಕೊಬ್ಬರಿ ಧಾರಣೆಯೂ ಬಿತ್ತು. ಹೊಸ ಮನೆ ಕೊಳ್ಳುವ ಶಕ್ತಿ ಇದ್ದವರು ಕೊಬ್ಬರಿ ಮಂಡಿಯವರೊಬ್ಬರೇ. ಅವರೂ ಕೈ ಬಿಗಿ ಹಿಡಿದರು. ಮಾರುವವರು ಬೀದಿ ತುಂಬ, ಕೊಳ್ಳುವವರು ಯಾರೂ ಇಲ್ಲ. ಹೋದ ವರ್ಷ ಎಂಟು ಸಾವಿರ ಅನ್ನಿಸಿಕೊಂಡಿದ್ದ ಮನೆಯನ್ನು ಈ ವರ್ಷ ಐದಕ್ಕೆ ಕೇಳುವವರೂ ಇರಲಿಲ್ಲ.

ನಮಗೆ ವರ್ಗವಿರಲಿಲ್ಲವಲ್ಲ, ಹಾಗಾಗಿ ಊರು ಬಿಡುವವರೆಲ್ಲ ಮನೆ ಬೀಗದ ಕೈ ತಂದು ನನ್ನ ಕೈಗೆ ಕೊಡುತ್ತಿದ್ದರು. "ಯಾರಾದ್ರೂ ಬಂದ್ರೆ ಸ್ವಲ್ಪ ಬಾಗಿಲು ತೆಗೆದು ತೋರಿಸಿಬಿಡಿ ಮೇಷ್ಟ್ರಮ್ಮ, ನಿಮಗೆ ಪುಣ್ಯ ಬರುತ್ತೆ" ಅನ್ನುತ್ತಿದ್ದರು. ಅಡಿಗೆಮನೆ ಬಾಗಿಲ ಪಕ್ಕದ ಮೊಳೆಗೆ ಗೊಂಚಲು ಗೊಂಚಲಾಗಿ ಬೀಗದ ಕೈ. ಬಾಗಿಲು ತೆಗೆದು ತೋರಿಸುವುದೇನೂ ಕಷ್ಟವಲ್ಲ. ಬೆಲೆ ಹೇಳುವುದಿತ್ತಲ್ಲ, ಅದು ಕಷ್ಟ.

ನಮ್ಮ ಯಜಮಾನರು ಎಲ್ಲರಿಗೂ ಒಂದೇ ಪಾಠ ಹೇಳುತ್ತಿದ್ದರು. "ನೋಡಿ, ನೀವು ಎಷ್ಟು ಖರ್ಚು ಮಾಡಿದಿರಿ ಅನ್ನೋದು ಬೆಲೆ ಅಲ್ಲ. ಇವತ್ತು ಕೊಳ್ಳೋನು ಎಷ್ಟು ಕೊಡ್ತಾನೆ ಅನ್ನೋದು ಬೆಲೆ." ಎಲ್ಲರೂ ತಲೆದೂಗಿ, ನಿಜ ನಿಜ ಅಂದು, ಕಾಫಿ ಕುಡಿದು, ಹೋಗುವಾಗ ತಮ್ಮ ಹಳೆಯ ಬೆಲೆಯನ್ನೇ ಹೇಳಿ ಹೋಗುತ್ತಿದ್ದರು.

೧. ಚಿರೋಟಿ ಊಟ

ಮೊದಲ ಬೀಗದ ಕೈ ಪಾರ್ಸೆಲ್ ಗುಮಾಸ್ತರದು. ಬೆಲೆ ಎಂಟು ಸಾವಿರ ಅಂದರು. ನಮ್ಮ ಯಜಮಾನರು ಅವರನ್ನು ಜಗಲಿ ಮೇಲೆ ಕೂರಿಸಿಕೊಂಡು, ನಿವೇಶನಕ್ಕೆಷ್ಟು, ಕಲ್ಲಿಗೆಷ್ಟು, ಮರಕ್ಕೆಷ್ಟು, ಹೆಂಚಿಗೆಷ್ಟು, ಕೂಲಿಗೆಷ್ಟು ಅಂತ ಒಂದೊಂದಾಗಿ ಕೇಳಿದರು. ಎಲ್ಲ ಸೇರಿಸಿದರೂ ಐದೂವರೆ ದಾಟಲಿಲ್ಲ.

"ಮಿಕ್ಕಿದ್ದು ಎಲ್ಲಿಂದ ಬಂತು ಸ್ವಾಮಿ?"

"ಗೃಹಪ್ರವೇಶ ಮರೆತುಬಿಟ್ರಲ್ಲ ಮೇಷ್ಟ್ರೇ! ಚಪ್ಪರ, ವಾಲಗ, ತಿಪಟೂರಿನಿಂದ ಅಡಿಗೆಯವರು, ನಮ್ಮ ಅಕ್ಕತಂಗೀರಿಗೆ ಸೀರೆ. ಅದೂ ಮನೆಗೇ ಅಂತ ಮಾಡಿದ ಖರ್ಚಲ್ವೇ? ಮನೆ ಕಟ್ಟದೇ ಇದ್ದಿದ್ರೆ ಮಾಡ್ತಿದ್ನೇ?"

ಲೆಕ್ಕದ ಮೇಷ್ಟ್ರು ಈ ಲೆಕ್ಕವನ್ನೂ ಕೂಡಿಸಿಕೊಂಡರು.

ಕೆಲವು ದಿನದ ಮೇಲೆ ಜಾವಗಲ್ ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿ ಮನೆ ನೋಡಲು ಬಂದ. ಮಾತು ಕಮ್ಮಿ. ತೆಂಗಿನಕಾಯಿ ಆರಿಸುವ ಹಾಗೆ ಗೋಡೆಗೋಡೆಗೂ ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳಿದ. ಬಾವಿಗೆ ಬಗ್ಗಿ ನೋಡಿದ. ಆಮೇಲೆ ನಮ್ಮ ಜಗಲಿಗೆ ಬಂದು ಬೆಲೆ ಕೇಳಿದ. ನಮ್ಮವರು ಸುಳ್ಳು ಹೇಳುವವರಲ್ಲ. ಎಂಟು ಸಾವಿರ ಅಂದು, ಅದರಲ್ಲಿ ಗೃಹಪ್ರವೇಶದ ಖರ್ಚೂ ಸೇರಿದೆ ಅಂತಲೂ ಹೇಳಿದರು.

ವ್ಯಾಪಾರಿ ಹೆಗಲ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಊಟಕ್ಕೆ ಯಾರ್ಯಾರು ಬಂದಿದ್ರು?"

"ನೆಂಟರಿಷ್ಟರು, ಆಫೀಸಿನವರು, ಬೀದಿಯವರು."

"ನೀವು?"

"ನಾವೂ ಹೋಗಿದ್ವಿ."

"ಊಟ ಹೆಂಗಿತ್ತು?"

"ಚೆನ್ನಾಗಿತ್ತು. ಚಿರೋಟಿ ಮಾಡಿಸಿದ್ರು."

ವ್ಯಾಪಾರಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. "ಸರಿ ಹಂಗಾದ್ರೆ. ಮನೆ ದುಡ್ಡು ನಾನ್ ಕೊಡ್ತೀನಿ. ಚಿರೋಟಿ ದುಡ್ಡು ತಿಂದೋರು ಕೊಟ್ಬಿಡಿ."

ಆ ಊಟದಲ್ಲಿ ನಮ್ಮ ಯಜಮಾನರು ಚಿರೋಟಿಗೆ ಬಾದಾಮಿ ಹಾಲು ಎರಡನೇ ಸಲ ಹಾಕಿಸಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋಗಿಬಿಟ್ಟೆ.

೨. ಪ್ರಶಾಂತವಾದ ಜಾಗ

ಬೀದಿಯ ಕೊನೆಯ ಮನೆ ಗಾರ್ಡ್ ಒಬ್ಬರದು. ಗಾಳಿ ಬೆಳಕು ಎಲ್ಲ ಚೆನ್ನ. ಒಂದೇ ಊನ, ಹಿತ್ತಲ ಗೋಡೆಯ ಆಚೆಗೇ ರೈಲು ಹಳಿ. ಬೀರೂರಿಗೆ ವರ್ಗವಾಗಿ ಹೊರಟಾಗ ಗಾರ್ಡು ಬೀಗದ ಕೈ ಕೊಟ್ಟು ಗುಟ್ಟಾಗಿ ಹೇಳಿದರು.

"ಮೇಷ್ಟ್ರಮ್ಮ, ಮಧ್ಯಾಹ್ನದ ಊಟ ಆದ ಮೇಲೆ ಕಾಫಿ ಹೊತ್ತಿನ ತನಕ ಈ ಹಳಿ ಮೇಲೆ ಒಂದು ಗಾಡಿಯೂ ಇಲ್ಲ. ಯಾರೇ ಬರಲಿ, ಆ ಹೊತ್ತಿಗೇ ಕರ್ಕೊಂಡು ಹೋಗಿ. ಬೆಲೆ ತಾನಾಗಿ ನಿಲ್ಲುತ್ತೆ."

ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಶಿರಸ್ತೇದಾರರೊಬ್ಬರು ಮನೆ ಹುಡುಕುತ್ತಿದ್ದರು. ತಲೆಗೆ ಪೇಟ, ಕೈಯಲ್ಲಿ ಕೊಡೆ. ಅವರಿಗೆ ನಿದ್ದೆ ಕಮ್ಮಿ, ಸದ್ದುಗದ್ದಲ ಆಗದು. ನಿಶ್ಶಬ್ದವಾದ ಮನೆಯೇ ಬೇಕು ಅಂತ ಹೆಂಡತಿಯೂ ಒತ್ತಿ ಹೇಳಿದರು. ಊಟದ ಹೊತ್ತು ಕಳೆದ ಮೇಲೆ ಕರೆದುಕೊಂಡು ಹೋದೆ. ಬೇವಿನಮರದ ಎಲೆ ಕೂಡ ಅಲುಗುತ್ತಿರಲಿಲ್ಲ. ಶಿರಸ್ತೇದಾರರು ಹಿತ್ತಲಲ್ಲಿ ನಿಂತು ಕಣ್ಣು ಮುಚ್ಚಿ, "ಆಹಾ" ಅಂದರು. "ಏನೇ, ಇಲ್ಲಿ ಒಂದು ಕುರ್ಚಿ ಹಾಕ್ಕೊಂಡ್ರೆ ಸಾಕು ಕಣೇ." ಗಾರ್ಡು ಹೇಳಿದ ಬೆಲೆಗೆ ಬಹುಮಟ್ಟಿಗೆ ಒಪ್ಪಿಯೂ ಬಿಟ್ಟರು. ನನಗೆ ಮನಸ್ಸಿನಲ್ಲಿ ಅಳುಕು, ಗಾಡಿಯ ವಿಷಯ ಹೇಳಿಬಿಡಲೇ ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಕಾಲ ಕೆಳಗಿನ ನೆಲ ನಡುಗಿತು. ಬಚ್ಚಲ ಹಂಡೆಯ ಮುಚ್ಚಳ ತಾನಾಗಿ ಕುಣಿಯತೊಡಗಿತು. ಹಿತ್ತಲಿಗೆ ಚಾಚಿದ ಸೂರಿನ ಹೆಂಚಿನ ಸಂದಿಯಿಂದ ಮಣ್ಣುದುರಿ ಶಿರಸ್ತೇದಾರರ ಪೇಟದ ಮೇಲೆ ಬಿತ್ತು. ಯಾವುದೋ ಹೊತ್ತಲ್ಲದ ಹೊತ್ತಿನ ಗೂಡ್ಸ್ ಗಾಡಿ. ಒಂದರ ಹಿಂದೊಂದು ಡಬ್ಬಿ, ಮುಗಿಯುವಂತೆಯೇ ಇಲ್ಲ. ಶಿರಸ್ತೇದಾರರ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಕೂತುಬಿಟ್ಟರು.

ಕಟ್ಟಕಡೆಗೆ ಗಾರ್ಡಿನ ಡಬ್ಬಿ ಬಂತು. ನೋಡುತ್ತೇನೆ, ಅದರ ಬಾಗಿಲಲ್ಲಿ ಹಸಿರು ಬಾವುಟ ಹಿಡಿದು ನಿಂತಿರುವವರು ನಮ್ಮ ಗಾರ್ಡೇ! ಅಂದು ಅವರನ್ನೇ ಆ ಗಾಡಿಗೆ ಹಾಕಿದ್ದರಂತೆ. ತಮ್ಮ ಹಿತ್ತಲಲ್ಲಿ ಪೇಟ, ಕೊಡೆ, ಮನೆ ನೋಡಲು ಬಂದವರು ಅಂತ ಕಂಡದ್ದೇ ತಡ, ಮುಖ ಅರಳಿತು. ಗಾಡಿಯ ಸದ್ದನ್ನೂ ಮೀರಿಸಿ ಕೂಗಿದರು.

"ತಗೊಳ್ಳಿ ಸಾರ್! ಬಹಳ ಪ್ರಶಾಂತವಾದ ಜಾಗ ಸಾರ್!"

೩. ಅವಳಿ ಮನೆಗಳು

ನಮ್ಮ ಎದುರಿಗೆ ಎರಡು ಮನೆ, ಒಂದೇ ಮೇಸ್ತ್ರಿ ಕಟ್ಟಿದ್ದು, ಒಂದೇ ಅಚ್ಚು, ನಡುವೆ ಒಂದೇ ಗೋಡೆ. ಒಂದರಲ್ಲಿ ಒಬ್ಬ ಟಿಕೆಟ್ ಕಲೆಕ್ಟರು, ಇನ್ನೊಂದರಲ್ಲಿ ಇನ್ನೊಬ್ಬ. ಗಂಡಸರಿಬ್ಬರೂ ಸ್ನೇಹಿತರು. ಹೆಂಗಸರಿಬ್ಬರೂ ಸ್ನೇಹಿತರೇ, ಆದರೆ ಒಬ್ಬರ ಮನೆಗೆ ಹೊಸ ಕೊಳಗ ಬಂದರೆ ಇನ್ನೊಬ್ಬರಿಗೆ ಅಂದು ನಿದ್ದೆ ಬರುತ್ತಿರಲಿಲ್ಲ. ಇಬ್ಬರಿಗೂ ಒಟ್ಟಿಗೇ ವರ್ಗವಾಯಿತು.

ಎಡಮನೆಯಾಕೆ ಬಂದು ಕೇಳಿದರು, "ಪಕ್ಕದವರು ಎಷ್ಟಕ್ಕೆ ಹೇಳಿದ್ದಾರ್ರೀ?"

"ಐದು ಸಾವಿರಕ್ಕೆ."

"ಹಾಗಾದ್ರೆ ನಮ್ಮದು ಐದು ಸಾವಿರದ ನೂರು."

ಸಂಜೆಗೆ ಬಲಮನೆಯಾಕೆ ಬಂದರು. "ನಮ್ಮದಕ್ಕಿಂತ ನೂರು ಜಾಸ್ತೀನಾ? ಅವರ ಮನೇಲಿ ಏನು ಚಿನ್ನದ ಹೆಂಚು ಹೊದಿಸಿದ್ದಾರಾ? ನಮ್ಮದು ಐದು ಸಾವಿರದ ಇನ್ನೂರು."

ಊರಲ್ಲೆಲ್ಲ ಮನೆ ಬೆಲೆ ಇಳಿಯುತ್ತಿದ್ದರೆ ನಮ್ಮ ಎದುರು ಮಾತ್ರ ಏರುತ್ತಿತ್ತು. ಆ ತಿಂಗಳು ಮುಗಿಯುವುದರೊಳಗೆ ಎರಡೂ ಆರು ಸಾವಿರ ದಾಟಿದವು. ಕೊಳ್ಳುವವರು ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಟಿಕೆಟ್ ಕಲೆಕ್ಟರುಗಳಿಬ್ಬರೂ ಬಂದು, "ಮೇಷ್ಟ್ರೇ, ಹೊಸ ಊರಿಗೆ ಹೋಗಿ ಸೇರೋ ದಿನ ಹತ್ತಿರ ಬಂತು. ಇವರಿಬ್ಬರಿಗೆ ಬುದ್ಧಿ ಹೇಳಿ" ಅಂತ ನಮ್ಮವರ ಕೈ ಹಿಡಿದುಕೊಂಡರು. ನಮ್ಮವರು ತಮ್ಮ ಪಾಠ ಒಪ್ಪಿಸಿದರು. ಇಬ್ಬರೂ ಹೆಂಗಸರು ತಲೆದೂಗಿ ಕೇಳಿ, "ಅವರು ಮೊದಲು ಇಳಿಸಲಿ" ಅಂದರು.

ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲ್ ಇಟ್ಟಿದ್ದ ಉಡುಪಿ ಕಡೆಯ ಭಟ್ಟರು ಬಂದರು. ಹೋಟೆಲಿನಲ್ಲಿ ದಿನವೂ ನೂರಾರು ಜನರ ಬಾಯಿ ನೋಡಿದವರು. ನಾನು ಎಡಮನೆ ತೋರಿಸಿದೆ. ಎಲ್ಲ ನೋಡಿ, ಮೆತ್ತಗೆ ಕೇಳಿದರು, "ಪಕ್ಕದ್ದೂ ಮಾರಾಟಕ್ಕೆ ಉಂಟಂತಲ್ಲ ಅಮ್ಮ. ಅದು ಹೇಗೆ?"

ಎಡಮನೆಯಾಕೆಗೆ ಅಷ್ಟೇ ಸಾಕಾಯಿತು. "ಅಯ್ಯೋ, ಅದಾ? ಅಡಿಗೆಮನೆ ಮೂಲೇಲಿ ಸೋರುತ್ತೆ. ಬಚ್ಚಲ ನೀರು ಹೋಗೋದೇ ಇಲ್ಲ. ಹಿಂದಿನ ಬಾಗಿಲು ಮಳೆಗಾಲದಲ್ಲಿ ಉಬ್ಬಿಕೊಂಡು ತೆಗೆಯೋಕೇ ಆಗೋಲ್ಲ. ಅಟ್ಟದಲ್ಲಿ ಗೆದ್ದಲು."

ಭಟ್ಟರು ಪಕ್ಕದ ಮನೆಗೆ ಹೋದರು. ಅಲ್ಲೂ ಎಲ್ಲ ನೋಡಿ ಅದೇ ಪ್ರಶ್ನೆ. ಬಲಮನೆಯಾಕೆ ಸೆರಗು ಸಿಕ್ಕಿಸಿಕೊಂಡು ಎಡಮನೆಯ ವಿಚಾರ ಬಿಚ್ಚಿದರು. "ನಡುಮನೆಗೆ ಬೆಳಕೇ ಬರೋಲ್ಲ. ಒಲೆ ಹೊಗೆ ಪೂರ್ತಿ ದೇವರ ಕೋಣೆಗೆ ನುಗ್ಗುತ್ತೆ. ಬೇಸಿಗೇಲಿ ಬಾವಿ ತಳ ಕಾಣುತ್ತೆ."

ಭಟ್ಟರು ಬೀದಿಗೆ ಬಂದು ನಿಂತರು. ಎರಡೂ ಜಗಲಿಯ ಮೇಲೆ ಇಬ್ಬರೂ ಹೆಂಗಸರು, ಅವರೇನು ಹೇಳುತ್ತಾರೋ ಅಂತ ಕಾದರು. ಭಟ್ಟರು ಕೈಮುಗಿದು ಕೇಳಿದರು, "ಎರಡೂ ಮನೆ ಒಂದೇ ಅಚ್ಚು ಅಂತ ಹೇಳ್ತಾರಲ್ಲ, ಹೌದಾ?"

"ಹೌದು ಹೌದು, ಒಂದು ಎಳೆ ವ್ಯತ್ಯಾಸ ಇಲ್ಲ" ಅಂದರು ಇಬ್ಬರೂ ಒಟ್ಟಿಗೆ.

"ಹಾಗಾದ್ರೆ ಸೋರೋದು, ಗೆದ್ದಲು, ಹೊಗೆ, ಕತ್ತಲೆ ಎಲ್ಲ ಎರಡಕ್ಕೂ ಉಂಟು ಅಂತಾಯ್ತು. ಎರಡನ್ನೂ ಸೇರಿಸಿ ಏಳು ಸಾವಿರಕ್ಕೆ ಕೊಡಿ. ಇಷ್ಟು ನಿಜ ಹೇಳಿ ಮನೆ ಮಾರೋರನ್ನ ನಾನು ಬೇರೆಲ್ಲೂ ನೋಡಿಲ್ಲ."

೪. ಗೋಪುರದ ಬೆಲೆ

ಬೇಲೂರಿನಲ್ಲಿ ನಮ್ಮ ದೊಡ್ಡಪ್ಪ ದೇವಸ್ಥಾನದ ಅಡಿಗೆ ಕೆಲಸದಲ್ಲಿದ್ದರು. ಅರಸೀಕೆರೆಯಲ್ಲಿ ಮನೆ ಬೆಲೆ ಬಿದ್ದಿದೆ ಅನ್ನುವ ಸುದ್ದಿ ಅವರ ಕಿವಿಗೆ ಬಿದ್ದು, ಬೇಲೂರಿನ ಮನೆಯನ್ನು ಏರಿದ ಬೆಲೆಗೆ ಮಾರಿ, ಅರಸೀಕೆರೆಯಲ್ಲಿ ಇಳಿದ ಬೆಲೆಗೆ ಒಂದು ಕೊಂಡುಬಿಡೋಣ ಅಂತ ಆಸೆ ಹುಟ್ಟಿತು. ಬೇಲೂರಿನಲ್ಲೂ ಬೆಲೆ ಇಳಿದಿರಬಹುದು ಅನ್ನುವುದು ಅವರ ತಲೆಗೆ ಬರಲಿಲ್ಲ. ನಮ್ಮನ್ನು ಕರೆಸಿದರು.

ಮನೆ ಇದ್ದದ್ದು ಇಕ್ಕಟ್ಟಾದ ಓಣಿಯಲ್ಲಿ. ದೊಡ್ಡಪ್ಪ ಹೇಳಿದ ಬೆಲೆ ಕೇಳಿ ನಮ್ಮ ಯಜಮಾನರು, "ಐನೂರು ಜಾಸ್ತಿಯಾಯ್ತಲ್ಲ" ಅಂದರು.

"ಆ ಐನೂರು ಗೋಪುರಕ್ಕೆ. ಮನೆಯಿಂದಲೇ ದೇವಸ್ಥಾನದ ಗೋಪುರ ದರ್ಶನ ಆಗುತ್ತೆ. ಅದಕ್ಕೆ ಬೆಲೆ ಕಟ್ಟೋಕಾಗುತ್ತೇನಯ್ಯ? ಆದರೂ ಐನೂರಕ್ಕೆ ನಿಲ್ಲಿಸಿದ್ದೀನಿ."

ಅಂದು ಮನೆ ನೋಡಲು ಬಂದವರು ಹಿತ್ತಾಳೆ ಪಾತ್ರೆ ವ್ಯಾಪಾರಿ. ದಪ್ಪಗೆ, ತಮ್ಮ ಅಂಗಡಿಯ ಹಂಡೆಯ ಹಾಗೇ ಇದ್ದರು. "ಗೋಪುರ ಎಲ್ಲಿಂದ ಕಾಣುತ್ತೆ ಸ್ವಾಮಿ?" ಅಂದರು.

"ಅಟ್ಟ ಹತ್ತಬೇಕು" ಅಂದರು ದೊಡ್ಡಪ್ಪ.

ಏಣಿ ಹಾಕಿದರು. ವ್ಯಾಪಾರಿ ಏದುಸಿರು ಬಿಡುತ್ತ ಹತ್ತಿದರು. "ಕತ್ತಲೆ, ಏನೂ ಕಾಣೋಲ್ಲ."

"ಬಲಗಡೆ ಒಂದೆರಡು ಹೆಂಚು ಸರಿಸಿ, ತಲೆ ಹೊರಗೆ ಹಾಕಿ."

ಹೆಂಚು ಸರಿಸಿದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ದೊಡ್ಡಪ್ಪ ನಮ್ಮ ಕಡೆ ಹೆಮ್ಮೆಯಿಂದ ನೋಡಿದರು, ದರ್ಶನದಲ್ಲಿ ಮೈಮರೆತಿದ್ದಾರೆ ಅನ್ನುವ ಹಾಗೆ. ನಿಜವೇನೆಂದರೆ, ವ್ಯಾಪಾರಿಯ ತಲೆಯ ಜೊತೆ ಭುಜವೂ ಹೆಂಚು ಕೂರಿಸುವ ಮರದ ರೀಪರಿನ ಸಂದಿಯಲ್ಲಿ ಹೊರಗೆ ಹೋಗಿ, ವಾಪಸ್ಸು ಬರುತ್ತಿರಲಿಲ್ಲ. ಓಣಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವರು ಮೇಲೆ ನೋಡಿ ಗಾಬರಿಯಾದರು.

"ಏನ್ ಸ್ವಾಮಿ, ಅಲ್ಲೇನು ಮಾಡ್ತಿದ್ದೀರಿ?"

"ಮನೆ ನೋಡೋಕೆ ಬಂದೆ."

ಇನ್ನೂ ಒಂದಷ್ಟು ಹೆಂಚು ತೆಗೆದು, ರೀಪರು ಕಿತ್ತು ಅವರನ್ನು ಇಳಿಸಿದ್ದಾಯಿತು. ದೊಡ್ಡಪ್ಪ ಮಾತ್ರ ಪಟ್ಟು ಬಿಡಲಿಲ್ಲ. "ಗೋಪುರ ಕಾಣಿಸಿತೋ ಇಲ್ವೋ?"

"ಕಾಣಿಸಿತು ಸ್ವಾಮಿ, ಸುಳ್ಳು ಯಾಕೆ ಹೇಳಲಿ?" ವ್ಯಾಪಾರಿ ಭುಜ ಉಜ್ಜಿಕೊಳ್ಳುತ್ತ ಹೇಳಿದರು. "ಆದ್ರೆ ಆ ಐನೂರು ತೆಗೆದುಬಿಡಿ. ಓಣಿ ಕೊನೆಗೆ ನಡೆದು ಹೋದ್ರೆ ಇದೇ ಗೋಪುರ ಬುಡಸಮೇತ ಪುಕ್ಕಟೆ ಕಾಣುತ್ತೆ."

೫. ರಾಜರ ಕಾಲದ ಕಲ್ಲು

ನಮ್ಮ ಯಜಮಾನರ ಸ್ಕೂಲಿನ ಜವಾನ ಹಳೇಬೀಡಿನವನು. ಅವನ ಅಣ್ಣ ಅಲ್ಲಿನ ಮನೆ ಮಾರಿ ತೋಟದಲ್ಲೇ ಮನೆ ಕಟ್ಟಿಕೊಳ್ಳುವ ಯೋಚನೆಯಲ್ಲಿದ್ದ. "ಮೇಷ್ಟ್ರೇ, ನೀವೊಂದ್ಸಲ ಬಂದು ಬೆಲೆ ಹೇಳಿ, ನನ್ ಮಾತು ಕೇಳಾಕಿಲ್ಲ ಅವ್ನು" ಅಂತ ಜವಾನ ಗೋಗರೆದದ್ದಕ್ಕೆ ಒಂದು ಭಾನುವಾರ ಬಸ್ಸಿನಲ್ಲಿ ಹೋದೆವು. ಹೇಗೂ ದೇವಸ್ಥಾನ ನೋಡಿದ ಹಾಗೂ ಆಯಿತು ಅಂತ ನಾನೂ ಹೊರಟೆ.

ಮಾಮೂಲು ಮಣ್ಣಿನ ಗೋಡೆಯ ಮನೆ. ಆದರೆ ಅಣ್ಣನ ಬೆಲೆ ಮಾತ್ರ ಅರಮನೆಯದು. ನಾವು ಹೋದಾಗ ಹುಲಿಕೆರೆಯಿಂದ ಕೊಳ್ಳುವವನೊಬ್ಬ ಬಂದು ಕೂತಿದ್ದ. ಅಣ್ಣ ಅವನಿಗೆ ಹೊಸ್ತಿಲು ತೋರಿಸುತ್ತಿದ್ದ.

"ನೋಡು, ಇದು ರಾಜರ ಕಾಲದ ಕಲ್ಲು. ಬುನಾದಿ ಪೂರ್ತಿ ಇಂಥವೇ ಅವೆ. ಗೋಡೆ ಒಳಗೂ ಅವೆ, ಮೇಲೆ ಮಣ್ಣು ಮೆತ್ತೈತೆ ಅಷ್ಟೇಯ. ಒಡೆದು ನೋಡಿದ್ರೆ ಒಳಗೆ ಕೆತ್ತಿರೋ ಆನೆ, ಕುದುರೆ ಎಲ್ಲ ಸಿಗ್ತವೆ."

ಹುಲಿಕೆರೆಯವನು ಹೊಸ್ತಿಲು ಸವರಿ ನೋಡಿದ. ನಂಬಬೇಕೋ ಬೇಡವೋ ಅನ್ನುವ ಮುಖ. ಜವಾನ ನಮ್ಮ ಹಿಂದೆ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಬೀದಿಯಲ್ಲಿ ಖಾಕಿ ಪ್ಯಾಂಟು, ಟೋಪಿ ಹಾಕಿದ ಒಬ್ಬರು ಪ್ರತಿ ಮನೆಯ ಗೋಡೆ ನೋಡಿಕೊಂಡು, ಏನೋ ಗುರುತು ಹಾಕಿಕೊಂಡು ಬರುವುದು ಕಾಣಿಸಿತು. ಪಕ್ಕದ ಮನೆಯ ಹೆಂಗಸು ಓಡಿ ಬಂದು, "ಅಣ್ಣೋ, ಗೌರ್ಮೆಂಟ್ನೋರು ಬಂದವ್ರೆ, ಗೋಡೆ ಗೋಡೆ ನೋಡ್ತಾವ್ರೆ" ಅಂದಳು.

ಅಣ್ಣನ ಮುಖದ ಬಣ್ಣವೇ ಹೋಯಿತು. ದೇವಸ್ಥಾನದ ಕಲ್ಲು ಮನೇಲಿದ್ದರೆ ಸರ್ಕಾರ ಹಿಡಿದುಕೊಂಡು ಹೋಗುತ್ತದೆ ಅಂತ ಊರಲ್ಲಿ ಮಾತಿತ್ತು. ಖಾಕಿಯವರು ಬಾಗಿಲಿಗೆ ಬರುತ್ತಲೇ ಅಣ್ಣ ಹೊಸ್ತಿಲ ಮೇಲೆ ಪಂಚೆ ಹರಡಿಕೊಂಡು ಕೂತುಬಿಟ್ಟ.

"ಸ್ವಾಮಿ, ನಮ್ಮ ಮನೇಲಿ ಒಂದ್ ಕಲ್ಲೂ ಇಲ್ಲ ಸ್ವಾಮಿ! ಬರೀ ಮಣ್ಣು. ಬುನಾದೀನೂ ಮಣ್ಣು. ನಮ್ಮಪ್ಪ ಕೆರೆ ಮಣ್ಣು ಹೊತ್ತು ಕಟ್ಟಿದ್ದು. ಮಕ್ಕಳಾಣೆ ಸ್ವಾಮಿ! ಜೋರಾಗಿ ಮಳೆ ಬಂದ್ರೆ ನಿಲ್ಲಾಕಿಲ್ಲ, ಅಂಥ ಮನೆ."

"ಹಾಗೆಲ್ಲ ಯಾಕೆ ಹೆದರ್ತೀಯಪ್ಪ?" ಅಂದರು ಖಾಕಿಯವರು. "ನಾನು ಮಲೇರಿಯಾ ಔಷಧಿ ಹೊಡೆಸೋನು. ನಾಳೆ ನಮ್ಮವರು ಪಂಪ್ ತರ್ತಾರೆ. ಗೋಡೆ ಮಣ್ಣಿಂದೋ ಕಲ್ಲಿಂದೋ ಅಷ್ಟು ಹೇಳು, ಔಷಧಿ ಲೆಕ್ಕ ಬೇಕು."

ಅಣ್ಣ ಹರಡಿದ ಪಂಚೆಯನ್ನು ಮೆಲ್ಲಗೆ ಒಟ್ಟು ಮಾಡಿಕೊಳ್ಳತೊಡಗಿದ. ಹುಲಿಕೆರೆಯವನೇ ಎದ್ದು ನಿಂತು, ಬಹಳ ವಿನಯದಿಂದ ಉತ್ತರ ಕೊಟ್ಟ.

"ಮಣ್ಣಿಂದೇ ಅಂತ ಬರ್ಕೊಳಿ ಸ್ವಾಮಿ. ಯಜಮಾನ್ರು ಈಗ್ತಾನೆ ಮಕ್ಕಳ ಮೇಲೆ ಆಣೆ ಮಾಡವ್ರೆ. ನಾನೂ ಮಣ್ಣಿನ ಬೆಲೆಗೇ ತಗೋತಿವ್ನಿ."

೬. ನಮ್ಮ ಮನೆ

ಇಷ್ಟೆಲ್ಲ ಆಗುವ ಹೊತ್ತಿಗೆ ನಮಗೂ ವರ್ಗ ಬಂತು, ಹಾಸನದ ಹೈಸ್ಕೂಲಿಗೆ. ಮಗಳಿಗೆ ಗಂಡು ಗೊತ್ತಾಗಿತ್ತು. ಮುಂದಿನ ಲಗ್ನಕ್ಕೆ ಮದುವೆ. ಮನೆ ಮಾರದೆ ಮದುವೆ ಆಗುವಂತಿರಲಿಲ್ಲ.

ಊರಿಗೆಲ್ಲ ಪಾಠ ಹೇಳಿದ ನಮ್ಮ ಯಜಮಾನರು ತಮ್ಮ ಪಾಠಕ್ಕೆ ತಾವೇ ತಲೆಬಾಗಿದರು. ಅಕ್ಕಪಕ್ಕದವರು ಆರು ಸಾವಿರ ಅಂದು, ತಿಂಗಳುಗಟ್ಟಲೆ ಕಾದು, ನಾಲ್ಕಕ್ಕೆ ಕೊಟ್ಟಿದ್ದರು. "ಕೊನೆಗೆ ಬರೋದು ನಾಲ್ಕೇ ಆದ್ರೆ ಮೊದಲೇ ನಾಲ್ಕು ಅಂತ ಹೇಳೋದು ನ್ಯಾಯ. ಚೌಕಾಸಿಯಲ್ಲಿ ಯಾರ ಹೊತ್ತೂ ಹಾಳಾಗಬಾರದು" ಅಂದರು. ಬೇರೆಯವರ ಮನೆ ತೋರಿಸುವಾಗ ನಾನೇ ಎಷ್ಟು ನಕ್ಕಿದ್ದೆ! ಈಗ ನಾನು ಸಾರಿಸಿದ ನೆಲ, ನಾನು ಮಕ್ಕಳನ್ನು ಎತ್ತಿ ಆಡಿಸಿದ ಜಗಲಿ, ಎಲ್ಲ ಸೇರಿ ನಾಲ್ಕೇ ಸಾವಿರವೇ ಅನ್ನಿಸಿತು. ಆದರೂ ಕೇಳಿದವರಿಗೆ ಅದೇ ಬೆಲೆ ಹೇಳಿದೆ.

ಒಂದೇ ವಾರದಲ್ಲಿ ಮಾರಾಟವಾಗುತ್ತದೆ ಅಂದುಕೊಂಡಿದ್ದೆವು. ಆದದ್ದೇ ಬೇರೆ. ಬಂದವರೆಲ್ಲ ಮನೆ ನೋಡಿ ಮೆಚ್ಚುವುದು, ಬೆಲೆ ಕೇಳುವುದು, ನಾಲ್ಕು ಸಾವಿರ ಅಂದ ಕೂಡಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೇಳುತ್ತೇವೆ ಅಂತ ಹೊರಟುಹೋಗುವುದು. ಒಂದು ರೂಪಾಯಿ ಕೂಡ ಕಡಿಮೆ ಕೇಳುತ್ತಿರಲಿಲ್ಲ. ಬೀದಿಯಲ್ಲಿ ಮಾತು ಹಬ್ಬಿತು: ಮೇಷ್ಟ್ರು ಲೆಕ್ಕದಲ್ಲಿ ಅಷ್ಟು ಗಟ್ಟಿ, ಅವರೇ ಇಷ್ಟು ಕಮ್ಮಿಗೆ ಕೊಡುತ್ತಿದ್ದಾರೆ ಅಂದರೆ ಆ ಮನೆಯಲ್ಲಿ ಏನೋ ಇದೆ.

ಆ "ಏನೋ" ಏನು ಅಂತ ನಮಗೆ ತಿಳಿದದ್ದು ಬಾಣಾವರದ ಕಡೆಯ ಗೌಡರೊಬ್ಬರು ಹೆಂಡತಿಯ ಸಮೇತ ಬಂದಾಗ. ತೆಂಗಿನ ತೋಟದವರು, ಮಕ್ಕಳನ್ನು ಅರಸೀಕೆರೆ ಹೈಸ್ಕೂಲಿಗೆ ಸೇರಿಸಲು ಮನೆ ಬೇಕಾಗಿತ್ತು. ಹಜಾರ, ನಡುಮನೆ, ಬಾವಿ ಎಲ್ಲ ನೋಡಿ ಆಯಿತು. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಅದರ ಹತ್ತಿರ ಬಂದದ್ದೇ ಇಬ್ಬರೂ ನಿಂತರು. ಗೌಡರು ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳಿದರು.

"ಮೇಷ್ಟ್ರೇ, ನೀವು ಸುಳ್ಳು ಹೇಳೋರಲ್ಲ ಅಂತ ಊರೇ ಹೇಳ್ತದೆ. ನಿಜ ಹೇಳ್ಬುಡಿ. ಈ ಕೋಣೇಲಿ ಒಬ್ಬ ಮುದುಕಿ ಓಡಾಡ್ತಾಳಂತೆ?"

ಆ ಕೋಣೆಯಲ್ಲಿದ್ದದ್ದು ನಮ್ಮ ಅತ್ತೆ. ವಯಸ್ಸಾಗಿದ್ದರೂ ಗಟ್ಟಿಮುಟ್ಟು, ಮಡಿಹೆಂಗಸು, ಹೊರಗೆ ಬರುವುದು ಅಪರೂಪ. ಗೌಡರ ಮನಸ್ಸಿನಲ್ಲಿ ಏನಿದೆ ಅನ್ನುವುದು ನಮ್ಮವರಿಗೆ ಹೊಳೆಯಲೇ ಇಲ್ಲ.

"ಓಡಾಡ್ತಾರಲ್ಲ! ಬೆಳಗಿನ ಜಾವ ಶುರುವಾದ್ರೆ ನಿಲ್ಲೋದೇ ಇಲ್ಲ" ಅಂದರು ಸಹಜವಾಗಿ.

ಗೌಡರ ಹೆಂಡತಿ ಗಂಡನ ತೋಳು ಹಿಡಿದುಕೊಂಡರು.

"ಎಷ್ಟ್ ವರ್ಸದಿಂದ?"

"ಮನೆ ಕಟ್ಟಿದಾಗಿನಿಂದ. ಅವರಿಗೆ ಈ ಕೋಣೆ ಅಂದ್ರೆ ಪ್ರಾಣ."

"ಯಾರಿಗೂ ಏನೂ ಮಾಡಾಕಿಲ್ಲ ತಾನೆ?"

ನಮ್ಮವರು ಯೋಚಿಸಿದರು. ನಿಜ ಹೇಳುವ ಅಭ್ಯಾಸ ನೋಡಿ. "ಸುಮ್ಮನಿದ್ರೆ ಏನೂ ಮಾಡೋಲ್ಲ. ಮಡಿಯಲ್ಲಿದ್ದಾಗ ಗೊತ್ತಿಲ್ದೆ ಮುಟ್ಟಿಬಿಟ್ರೆ ಮಾತ್ರ ಬಿಡೋಲ್ಲ. ನನ್ನನ್ನೇ ಎಷ್ಟೋ ಸಲ ಬಾವಿಕಟ್ಟೆಗೆ ಓಡಿಸಿದ್ದಾರೆ."

"ಅಯ್ಯೋ ಶಿವನೇ!" ಅಂದರು ಗೌಡತಿ.

ನನಗೆ ಆಗ ಹೊಳೆಯಿತು. "ಅಲ್ಲಾ ರೀ..." ಅನ್ನುವಷ್ಟರಲ್ಲಿ ಕೋಣೆಯ ಬಾಗಿಲು ಕಿರ್ರೆಂದಿತು. ಮದುವೆಯ ಚಕ್ಕುಲಿಗೆ ಅಂತ ಒಳಗೆ ಅಕ್ಕಿಹಿಟ್ಟು ಜರಡಿ ಹಿಡಿಯುತ್ತಿದ್ದ ನಮ್ಮ ಅತ್ತೆ, ಯಾರು ಮಾತಾಡುವುದು ಅಂತ ನೋಡಲು ಹೊರಗೆ ಬಂದರು. ತಲೆಯ ಮೇಲೆ ಹೊದ್ದ ಸೆರಗು, ಮುಖ, ಹುಬ್ಬು, ರೆಪ್ಪೆ, ಕೈ, ಎಲ್ಲ ಬೆಳ್ಳಗೆ ಹಿಟ್ಟು. ಆ ಬಿಳುಪಿನ ನಡುವೆ ಎರಡು ಕಣ್ಣು ಮಾತ್ರ.

ಗೌಡರು ಎಷ್ಟು ಧೈರ್ಯವಂತರು ಅಂದರೆ, ಹೆಂಡತಿಯನ್ನು ಬಿಟ್ಟು ಓಡಲಿಲ್ಲ. ಎಳೆದುಕೊಂಡೇ ಓಡಿದರು. ಹಜಾರದಲ್ಲಿ ಒಂದು ಮೆಟ್ಟು ಉಳಿಯಿತು, ಜಗಲಿಯ ಮೇಲೆ ಇನ್ನೊಂದು.

"ಯಾರೋ ಅವರು? ಯಾಕೋ ಓಡಿದ್ರು?" ಅಂದರು ಅತ್ತೆ.

ನಾನು ನಗು ತಡೆದುಕೊಂಡು ಇದ್ದದ್ದನ್ನೆಲ್ಲ ಹೇಳಿದೆ: ಬೆಲೆ ಕಮ್ಮಿ ಅಂತ ಊರಲ್ಲಿ ಅನುಮಾನ ಬಂದಿರುವುದು, ದೆವ್ವದ ಸುದ್ದಿ, ಮಗ ಕೊಟ್ಟ ಉತ್ತರ. ಅತ್ತೆ ಮಗನನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ನಿನಗೆ ಲೆಕ್ಕ ಬರುತ್ತೆ ಕಣೋ, ವ್ಯಾಪಾರ ಬರೋಲ್ಲ. ಚೌಕಾಸಿ ಮಾಡೋಕೆ ಜಾಗ ಬಿಡದೇ ಇದ್ರೆ ಕೊಳ್ಳೋನು ಎಲ್ಲಿ ಕಾಲಿಡಬೇಕು?" ಅಂದವರೇ ಹಿಟ್ಟಿನ ಕೈಯಲ್ಲೇ ಜಗಲಿಗೆ ಹೋಗಿ ಬೀದಿಯತ್ತ ಕೂಗಿದರು.

"ಏ ಗೌಡ್ರೇ! ನಿಲ್ಲಿ! ನಾನು ಮೇಷ್ಟ್ರ ತಾಯಿ. ಬದುಕಿದ್ದೀನಿ!"

ಎತ್ತಿನ ಗಾಡಿ ಹತ್ತುತ್ತಿದ್ದ ಗೌಡರು ಹಿಂತಿರುಗಿ ನೋಡಿದರು. ಹಾಡುಹಗಲಿನ ಬಿಸಿಲಲ್ಲಿ ನಿಂತಿದ್ದ ಅತ್ತೆಗೆ ನೆರಳಿತ್ತು, ಕಾಲು ನೆಟ್ಟಗಿತ್ತು. ಹೇಗೂ ಮೆಟ್ಟು ಬೇಕಾಗಿತ್ತು. ಮೆಲ್ಲಗೆ ವಾಪಸ್ಸು ಬಂದರು. ಅತ್ತೆ ಇಬ್ಬರಿಗೂ ನೀರು ಬೆಲ್ಲ ಕೊಡಿಸಿ, ಮಗ ಬಾಯಿ ತೆರೆಯುವ ಮೊದಲೇ ಹೇಳಿದರು.

"ನಮ್ಮ ಹುಡುಗ ಬಾಯಿತಪ್ಪಿ ನಾಲ್ಕು ಅಂದಿದ್ದಾನೆ. ಮನೆ ಬೆಲೆ ಐದು ಸಾವಿರ."

ಗೌಡರ ಮುಖದಲ್ಲಿ ಆ ದಿನ ಮೊದಲ ಸಲ ಕಳೆ ಬಂತು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಐದಾ? ಭಾಳ ಆಯ್ತು ಕಣಜ್ಜಿ. ಈಗಿನ ಕಾಲ್ದಲ್ಲಿ ಯಾರ್ ಕೊಡ್ತಾರೆ? ನಾಲ್ಕು ಮಾಡ್ಕಳಿ."

"ಬಾವಿ ನೀರು ಕುಡಿದು ನೋಡಿದ್ಯಲ್ಲಪ್ಪ, ಸಿಹಿನೀರು. ನಾಲ್ಕೂ ಮುಕ್ಕಾಲು."

"ಅಡಿಗೆಮನೆ ಹೆಂಚು ಹಳೇದಾಗೈತೆ. ನಾಲ್ಕರ ಮೇಲೆ ನೂರು."

ಅರ್ಧ ಗಂಟೆ ಇಬ್ಬರೂ ಎಷ್ಟು ಸಂತೋಷವಾಗಿ ಜಗಳವಾಡಿದರೋ! ನಮ್ಮ ಯಜಮಾನರು ಕಂಬ ಹಿಡಿದು ನಿಂತು, ಒಂದು ಸಲ ತಾಯಿಯ ಮುಖ, ಒಂದು ಸಲ ಗೌಡರ ಮುಖ ನೋಡುತ್ತಿದ್ದರು. ನಾಲ್ಕು ಸಾವಿರದ ಮುನ್ನೂರಕ್ಕೆ ನಿಂತಿತು. ನಾಲ್ಕು ಸಾವಿರಕ್ಕೆ ಬೇಡವಾಗಿದ್ದ ಮನೆಯನ್ನು ಮುನ್ನೂರು ಜಾಸ್ತಿ ಕೊಟ್ಟು ಕೊಂಡ ಗೌಡರು, ಗೆದ್ದವರ ಹಾಗೆ ಮೀಸೆ ಮೇಲೆ ಕೈಯಾಡಿಸಿಕೊಂಡರು. ಮಗಳ ಮದುವೆ ನಡೆಯುತ್ತದೆ ಅನ್ನುವ ಸಮಾಧಾನಕ್ಕೆ ನನ್ನ ಕಣ್ಣಲ್ಲಿ ನೀರೂ ಬಂತು.

ಎಲೆ ಅಡಿಕೆ ತೆಗೆದುಕೊಂಡು ಏಳುವಾಗ ಗೌಡತಿ ಮಾತ್ರ ಇನ್ನೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಹಿಟ್ಟು ಹತ್ತಿದ ಅತ್ತೆಯ ಮುಖವನ್ನೇ ನೋಡುತ್ತ, ಅಂಜಿಕೊಂಡು ಕೇಳಿದರು.

"ಅಜ್ಜೀ, ಮನೆ ಬರ್ಕೊಟ್ಟ ಮ್ಯಾಕೆ ನೀವು ಈ ಕೋಣೆ ಬಿಟ್ಟು ಹೋಯ್ತೀರಿ ತಾನೆ?"

ಅತ್ತೆ ಸೆರಗಿನಿಂದ ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡರು.

"ಹೋಗ್ತೀನಿ ಕಣಮ್ಮ. ಈ ಬೆಲೆಗೆ ಮನೆ ಮಾತ್ರ. ನಾನೂ ಬೇಕು ಅಂದ್ರೆ ಅದರ ಚೌಕಾಸಿ ಬೇರೆ."